ನಿರಾಶ್ರಿತರ ರಕ್ಷಣೆಯಲ್ಲಿ ಧರ್ಮಸಂಘಗಳ ಹೊಣೆ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ನೀಡಿದ ಉಪನ್ಯಾಸ)

 

ಧರ್ಮಬಂಧುಗಳೇ,

ಜಿನಬಿಂಬ ಪ್ರತಿಷ್ಠೆಯ ಈ ಮಂಗಲ ಸಮಯದಲ್ಲಿ ಚತುರ್ವಿಧ ದಾನಗಳ ಸ್ಮರಣೆ ಸಹಜವಾದುದು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಈ ನಾಲ್ಕು ದಾನಗಳನ್ನು ಬಲ್ಲದ ಶ್ರಾವಕನಿಲ್ಲ. ಇವುಗಳಲ್ಲಿ ಮೂರು ದಾನಗಳಿಗೆ ಸಮಾಜವು ನೆಲೆಯಾದ ವ್ಯವಸ್ಥೆಯನ್ನು ಕಲ್ಪಿಸಿಕೊಂಡಿದೆ. ಆಹಾರದಾನಕ್ಕೆ ಛತ್ರಗಳಿವೆ, ಭೈಷಜ್ಯದಾನಕ್ಕೆ ಚಿಕಿತ್ಸಾಲಯಗಳಿವೆ, ಶಾಸ್ತ್ರದಾನಕ್ಕೆ ಪಾಠಶಾಲೆಗಳೂ ಗ್ರಂಥಮಾಲೆಗಳೂ ವಿದ್ಯಾರ್ಥಿನಿಲಯಗಳೂ ಇವೆ. ಅಭಯದಾನವೆಂದೊಡನೆ ಮೂಕಪ್ರಾಣಿಗಳನ್ನು ಸಲಹುವ ಪಾಂಜರಪೋಳಗಳು ನೆನಪಿಗೆ ಬರುತ್ತವೆ. ಅದು ಯುಕ್ತವೇ ಸರಿ. ಆದರೆ ಪ್ರಾಣಭಯದಿಂದ ಮನೆಮಠಗಳನ್ನು ತೊರೆದು ಪರರಾಜ್ಯದ ಗಡಿಯಲ್ಲಿ ನಿಂತ ಮನುಷ್ಯನಿಗೆ ಅಭಯವೀಯುವ ವ್ಯವಸ್ಥೆ ಯಾವುದು? ಅದನ್ನು ಮಾಡಬೇಕಾದವರು ಯಾರು? ಮಾಡಿ ತೋರಿಸಿದವರು ಎಲ್ಲಿಯಾದರೂ ಉಂಟೇ? ಈ ಪ್ರಶ್ನೆಗಳಿಗೆ ಉತ್ತರವನ್ನರಸುವುದೇ ಈ ಉಪನ್ಯಾಸದ ಉದ್ದೇಶ.

ಪ್ರಶ್ನೆಯು ಕೇವಲ ಶಾಸ್ತ್ರಚರ್ಚೆಯದಲ್ಲ. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರರ ಕಚೇರಿಯ ಲೆಕ್ಕದಂತೆ 2024ರ ಕೊನೆಯಲ್ಲಿ ಯುದ್ಧ, ಹಿಂಸೆ, ಕಿರುಕುಳಗಳ ಕಾರಣದಿಂದ ನೆಲೆ ತಪ್ಪಿದವರ ಸಂಖ್ಯೆ 12 ಕೋಟಿ 32 ಲಕ್ಷ. ಅವರಲ್ಲಿ ಸ್ವದೇಶದೊಳಗೇ ಚದರಿಹೋದವರೇ ಹೆಚ್ಚು. ಗಡಿ ದಾಟಿ ಪರದೇಶದ ಆಶ್ರಯ ಬೇಡಿದವರು ಕೋಟಿಗಟ್ಟಲೆ. ಆಶ್ರಯ ಕೊಡುವುದು ಬಿಡುವುದು ಸರಕಾರಗಳ ಅಧಿಕಾರಕ್ಕೆ ಸೇರಿದ ವಿಷಯ. ಆದರೂ ಸರಕಾರ ಬಾಗಿಲು ತೆರೆಯಲು ಹಿಂಜರಿದಾಗ, ‘ಈ ಜನರ ಹೊಣೆ ನಮ್ಮದು’ ಎಂದು ಮುಂದೆ ಬಂದು ಸಹಿ ಹಾಕಿದ ಧರ್ಮಸಂಘಗಳು ಜಗತ್ತಿನಲ್ಲಿವೆ. ಅಂತಹ ಒಂದು ಸಂಘದ ನೂರು ವರ್ಷಗಳ ವೃತ್ತಾಂತವನ್ನು ಇಲ್ಲಿ ಅರಿಕೆ ಮಾಡಲಾಗುತ್ತದೆ. ಅದು ಕೆನಡಾ ದೇಶದ ಮೆನೊನೈಟ್ ಎಂಬ ಕ್ರೈಸ್ತ ಪಂಗಡ. ಇದನ್ನೇ ಆರಿಸಿಕೊಳ್ಳಲು ಎರಡು ಕಾರಣಗಳುಂಟು. ಮೊದಲನೆಯದು, ಅವರು ಆಯುಧ ಹಿಡಿಯದಿರುವುದನ್ನು ವ್ರತವಾಗಿ ಸ್ವೀಕರಿಸಿದವರು, ಅಹಿಂಸಾಧರ್ಮಿಗಳು ಅರಿತುಕೊಳ್ಳಬೇಕಾದವರು. ಎರಡನೆಯದು, ಅವರು ಅಭಯದಾನವನ್ನು ವ್ಯಾಪಾರಿಯ ಕರಾರುವಾಕ್ಕಾದ ಲೆಕ್ಕದಿಂದ, ಜಾಮೀನಿನ ಕ್ರಮದಿಂದ ನಡೆಸಿದವರು. ವಾಣಿಜ್ಯವೃತ್ತಿಯನ್ನವಲಂಬಿಸಿದವರು ಬಹುಸಂಖ್ಯೆಯಲ್ಲಿರುವ ಸಮಾಜಕ್ಕೆ ಈ ಮಾರ್ಗ ಸುಲಭವಾಗಿ ಮನಗಾಣುವಂಥದು.

ಮೆನೊನೈಟರ ಮೂಲ ಹದಿನಾರನೆಯ ಶತಮಾನದ ಯೂರೋಪಿನಲ್ಲಿದೆ. ಫ್ರೀಸ್‌ಲ್ಯಾಂಡ್ ಪ್ರಾಂತದ ಮೆನ್ನೊ ಸೈಮನ್ಸ್ ಎಂಬ ಪಾದ್ರಿ 1536ರಲ್ಲಿ ತನ್ನ ಸ್ಥಾನವನ್ನು ತ್ಯಜಿಸಿ, ಆಗಲೇ ಕಿರುಕುಳಕ್ಕೆ ಗುರಿಯಾಗಿದ್ದ ಸಣ್ಣ ಪಂಗಡವೊಂದಕ್ಕೆ ಮಾರ್ಗದರ್ಶಕನಾದನು. ಆತನ ಹೆಸರೇ ಪಂಗಡಕ್ಕೆ ನಿಂತಿತು. ಖಡ್ಗ ಹಿಡಿಯಬಾರದು, ಪ್ರಮಾಣ ಮಾಡಬಾರದು, ಆಡಿದ ಮಾತೇ ಪ್ರಮಾಣವಾಗಿರಬೇಕು, ಇವು ಅವರ ಮುಖ್ಯ ನಿಯಮಗಳು. ಸೈನ್ಯಕ್ಕೆ ಸೇರದವರನ್ನು ಯಾವ ಅರಸನು ತಾನೇ ಮೆಚ್ಚುವನು? ಹೀಗಾಗಿ ಅವರ ಇತಿಹಾಸವೆಲ್ಲ ಒಂದೆಡೆಯಿಂದ ಇನ್ನೊಂದೆಡೆಗೆ ಹೊರಟುಹೋಗುವ ಇತಿಹಾಸವೇ ಆಯಿತು.

ರಷ್ಯಾದ ಸಾಮ್ರಾಜ್ಞಿ ಕ್ಯಾಥರೀನಳು ದಕ್ಷಿಣದ ಬಯಲುಸೀಮೆಯಲ್ಲಿ ಬೇಸಾಯ ಮಾಡಲು ವಿದೇಶೀಯರನ್ನು ಆಹ್ವಾನಿಸಿದಳು. ಸೈನಿಕ ಸೇವೆಯಿಂದ ಶಾಶ್ವತ ವಿನಾಯಿತಿಯ ಭರವಸೆ ದೊರೆತುದರಿಂದ ಪ್ರಷ್ಯಾದಲ್ಲಿದ್ದ ಮೆನೊನೈಟ್ ಕುಟುಂಬಗಳು 1789ರಿಂದ ಇಂದಿನ ಯುಕ್ರೇನಿನ ಭಾಗಕ್ಕೆ ಹೋಗಿ ನೆಲೆಸಿದವು. ಖೋರ್ತಿತ್ಸ, ಮೊಲೊಚ್ನ ಮೊದಲಾದ ವಸಾಹತುಗಳು ಬೆಳೆದವು. ಆದರೆ ಅರಸರ ‘ಶಾಶ್ವತ’ವು ನೂರು ವರ್ಷ ತುಂಬುವುದಕ್ಕೆ ಮುಂಚೆಯೇ ಮುಗಿಯಿತು. 1874ರಲ್ಲಿ ಸೈನಿಕ ಸೇವೆಯನ್ನು ಎಲ್ಲರಿಗೂ ಕಡ್ಡಾಯ ಮಾಡುವ ಕಾನೂನು ಬಂದಿತು. ಆಗ ಸುಮಾರು 18,000 ಮಂದಿ ಉತ್ತರ ಅಮೆರಿಕಕ್ಕೆ ಹೊರಟರು. ಅವರಲ್ಲಿ ಸುಮಾರು 7,000 ಮಂದಿ ಕೆನಡಾದ ಮ್ಯಾನಿಟೋಬ ಪ್ರಾಂತವನ್ನು ಸೇರಿದರು.

ಇಲ್ಲಿಂದ ಮೊದಲನೆಯ ಜಾಮೀನಿನ ಕಥೆ ಪ್ರಾರಂಭವಾಗುತ್ತದೆ. ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಆಗಲೇ ಮೆನೊನೈಟರಿದ್ದರು. ಅವರು ಸ್ವಿಸ್ ಮೂಲದವರು, ಪೆನ್ಸಿಲ್ವೇನಿಯದಿಂದ ಬಂದವರು. ರಷ್ಯಾದಿಂದ ಬಂದವರ ಮಾತಿನ ಬಗೆ ಬೇರೆ, ಉಡುಗೆಯ ಬಗೆ ಬೇರೆ, ಪೂಜಾವಿಧಿಯ ವಿವರಗಳೂ ಬೇರೆ. ಒಂದೇ ಮತದವರೆನ್ನುವುದೊಂದೇ ಸಂಬಂಧ. ಒಂಟಾರಿಯೊದ ಬರ್ಲಿನ್ ಪಟ್ಟಣದಲ್ಲಿ, ಅಂದರೆ 1916ರಿಂದ ಕಿಚನರ್ ಎಂದು ಕರೆಯಲ್ಪಡುವ ಊರಿನಲ್ಲಿ, ಜೇಕಬ್ ಷಾಂಟ್ಸ್ ಎಂಬ ಉದ್ಯಮಿಯಿದ್ದನು. ಮರದ ಕಾರ್ಖಾನೆ, ಕಟ್ಟಡಗಳ ಗುತ್ತಿಗೆ ಆತನ ವೃತ್ತಿ. ಆತನು ತಾನೇ ಮ್ಯಾನಿಟೋಬಕ್ಕೆ ಹೋಗಿ ಭೂಮಿಯನ್ನು ಪರೀಕ್ಷಿಸಿ ಬಂದನು. ವಲಸೆಬಂದವರು ಇಳಿದುಕೊಳ್ಳಲು ತಂಗುಮನೆಗಳನ್ನು ಕಟ್ಟಿಸಿದನು. ಹೊಸಬರಿಗೆ ಮೊದಲ ಚಳಿಗಾಲವನ್ನು ಕಳೆಯಲು ಧಾನ್ಯ ಬೇಕು, ಬೀಜ ಬೇಕು, ಎತ್ತು ಬೇಕು. ಕೆನಡಾ ಸರಕಾರ 1875ರಲ್ಲಿ 96,400 ಡಾಲರುಗಳ ಸಾಲ ಕೊಡಲು ಒಪ್ಪಿತು. ಆದರೆ ಜಾಮೀನು ಕೊಡುವವರು ಯಾರು? ಒಂಟಾರಿಯೊದ ಮೆನೊನೈಟ್ ರೈತರು ಆ ಸಾಲಕ್ಕೆ ಹೊಣೆಗಾರರಾಗಿ ನಿಂತರು.

ವ್ಯಾಪಾರ ಮಾಡಿದವರಿಗೆ ಜಾಮೀನಿನ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ದಾನ ಕೊಟ್ಟವನು ಕೊಟ್ಟಲ್ಲಿಗೆ ನಿಶ್ಚಿಂತನಾಗುತ್ತಾನೆ. ಜಾಮೀನು ನಿಂತವನಾದರೋ ಸಾಲ ತೀರುವವರೆಗೂ ನಿದ್ದೆಗೆಡಬೇಕು. ಅವನ ಮಾನ ಇನ್ನೊಬ್ಬನ ಕೈಯಲ್ಲಿರುತ್ತದೆ. ಕಂಡರಿಯದ ಸಾವಿರಾರು ಜನರ ಕೈಯಲ್ಲಿ ತಮ್ಮ ಮಾನವನ್ನಿಟ್ಟ ಆ ರೈತರ ಧೈರ್ಯ ಸಾಮಾನ್ಯವಾದುದಲ್ಲ. ಮಿಡತೆಯ ಹಾವಳಿ, ಬೆಳೆಯ ನಷ್ಟ ಎಲ್ಲವನ್ನೂ ದಾಟಿ 1892ರ ಹೊತ್ತಿಗೆ ಸಾಲ ಚುಕ್ತಾ ಆಯಿತು; ಬಡ್ಡಿಯಲ್ಲಿ ಒಂದು ಭಾಗವನ್ನು ಸರಕಾರ ಬಿಟ್ಟುಕೊಟ್ಟಿತು. ಮೆನೊನೈಟರ ಮಾತು ನಂಬತಕ್ಕದ್ದೆಂಬ ಹೆಸರು ಕೆನಡಾದಲ್ಲಿ ನೆಲೆಯಾಯಿತು. ಈ ಹೆಸರೇ ಮುಂದೆ ಸಾವಿರಾರು ಪ್ರಾಣಗಳನ್ನುಳಿಸಿದ ಬಂಡವಾಳವಾಯಿತು.

ರಷ್ಯಾದಲ್ಲೇ ಉಳಿದವರ ಗತಿಯೇನಾಯಿತು? ಸೈನ್ಯದ ಬದಲು ಅರಣ್ಯಸೇವೆ ಮಾಡಬಹುದೆಂಬ ಏರ್ಪಾಡಾದುದರಿಂದ ಬಹುಮಂದಿ ಅಲ್ಲಿಯೇ ನಿಂತರು. ಭೂಮಿ, ಗಿರಣಿ, ಕಾರ್ಖಾನೆಗಳಿಂದ ಸಂಪನ್ನರಾದರು. ಆದರೆ ಸಂಪತ್ತು ಬೆಳೆದಂತೆ ಸುತ್ತಲಿನ ಭೂಹೀನ ರೈತರಿಗೂ ಅವರಿಗೂ ನಡುವಣ ಅಂತರವೂ ಬೆಳೆಯಿತು. 1917ರ ಕ್ರಾಂತಿಯ ನಂತರ ಅಂತರ್ಯುದ್ಧ ಹೊತ್ತಿಕೊಂಡಾಗ ಆ ಅಂತರದ ಬೆಲೆಯನ್ನು ಅವರು ತೆರಬೇಕಾಯಿತು. ನೆಸ್ತೊರ್ ಮಖ್ನೊ ಎಂಬ ನಾಯಕನ ಪಡೆಗಳು 1919ರಲ್ಲಿ ಅವರ ಹಳ್ಳಿಗಳನ್ನು ಸುಲಿದು ನೂರಾರು ಜನರನ್ನು ಕೊಂದವು. ಆ ಭೀತಿಯಲ್ಲಿ ಕೆಲವು ತರುಣರು ಆತ್ಮರಕ್ಷಣೆಗೆಂದು ಆಯುಧ ಹಿಡಿದುದೂ ಉಂಟು. ಅದರಿಂದ ರಕ್ಷಣೆಯೂ ಆಗಲಿಲ್ಲ, ವ್ರತವೂ ಉಳಿಯಲಿಲ್ಲವೆಂದು ಆ ಸಮಾಜದ ಹಿರಿಯರೇ ಅನಂತರ ನೊಂದುಕೊಂಡರು. ಪಡೆಗಳ ಬೆನ್ನಿಗೇ ಜ್ವರದ ಮಾರಿ ಬಂದಿತು. ಅದರ ಬೆನ್ನಿಗೆ 1921-22ರ ಘೋರ ಕ್ಷಾಮ.

ಅಮೆರಿಕ ಖಂಡದಲ್ಲಿದ್ದ ಮೆನೊನೈಟರು ತಮ್ಮೊಳಗಿನ ಒಳಪಂಗಡಗಳ ಭೇದವನ್ನು ಬದಿಗಿಟ್ಟು 1920ರ ಜುಲೈ ತಿಂಗಳಲ್ಲಿ ಇಂಡಿಯಾನ ಸಂಸ್ಥಾನದ ಎಲ್ಕಾರ್ಟ್ ಎಂಬಲ್ಲಿ ಸಭೆ ಸೇರಿ ಮೆನೊನೈಟ್ ಕೇಂದ್ರ ಸಮಿತಿಯನ್ನು ಸ್ಥಾಪಿಸಿದರು. ರಷ್ಯಾಕ್ಕೆ ಮೊದಲು ಹೋದ ಮೂವರು ಸ್ವಯಂಸೇವಕರಲ್ಲಿ ಪೆನ್ಸಿಲ್ವೇನಿಯದ ಕ್ಲೇಟನ್ ಕ್ರಾಟ್ಸ್ ಎಂಬ ತರುಣನೊಬ್ಬನು. ಅವನನ್ನು ಆ ವರ್ಷವೇ ಕೆಂಪು ಸೈನ್ಯದವರು ಬಂಧಿಸಿದರು. ಅವನು ಹಿಂದಿರುಗಲೇ ಇಲ್ಲ. ಆದರೂ ಕಾರ್ಯ ನಿಲ್ಲಲಿಲ್ಲ. 1922ರಲ್ಲಿ ಅನ್ನಶಾಲೆಗಳು ಪ್ರಾರಂಭವಾದವು. ಪ್ರತಿದಿನ ಸಾವಿರಾರು ಮಂದಿ ಅಲ್ಲಿ ಉಂಡರು. ಇದು ಆಹಾರದಾನ. ಆದರೆ ಹಸಿವು ತೀರಿದ ಮಾತ್ರಕ್ಕೆ ಭಯ ತೀರುವುದಿಲ್ಲ. ಆ ಜನರಿಗೆ ಬೇಕಾಗಿದ್ದುದು ಭಯವಿಲ್ಲದೆ ಬದುಕುವ ನೆಲ.

ಆ ನೆಲದ ಬಾಗಿಲು ಮುಚ್ಚಿತ್ತು. ಯುದ್ಧಕ್ಕೆ ಬಾರದವರ ಮೇಲೆ ಕೆನಡಾದ ಜನರಿಗೆ ಕೋಪವಿದ್ದುದರಿಂದ 1919ರಲ್ಲಿ ಅಲ್ಲಿಯ ಸರಕಾರ ಮೆನೊನೈಟರ ಪ್ರವೇಶವನ್ನೇ ನಿಷೇಧಿಸಿತ್ತು. 1922ರಲ್ಲಿ ಹೊಸ ಸರಕಾರ ಬಂದ ಮೇಲೆ ನಿಷೇಧ ತೆಗೆಯಲ್ಪಟ್ಟಿತು. ಆದರೆ ಬರಿಗೈಯವರನ್ನು ಸಾಗರದಾಚೆಯಿಂದ ಕರೆತರುವ ವೆಚ್ಚವನ್ನು ಕೊಡುವವರಾರು? ಸಸ್ಕಾಚೆವಾನ್ ಪ್ರಾಂತದ ರಾಸ್ಥರ್ನ್ ಎಂಬ ಸಣ್ಣ ಊರಿನಲ್ಲಿ ಡೇವಿಡ್ ಟೇವ್ಸ್ ಎಂಬ ಉಪಾಧ್ಯಾಯನಿದ್ದನು. ಆತನೇ ಅಲ್ಲಿಯ ಧರ್ಮಸಭೆಯ ಹಿರಿಯನೂ ಆಗಿದ್ದನು. 1870ರಲ್ಲಿ ರಷ್ಯಾದಲ್ಲಿ ಹುಟ್ಟಿ, ಬಾಲ್ಯದಲ್ಲಿ ತಂದೆತಾಯಿಗಳೊಡನೆ ಮಧ್ಯ ಏಷ್ಯಾದವರೆಗೆ ಗಾಡಿಗಳಲ್ಲಿ ಅಲೆದು, ಕಡೆಗೆ ಅಮೆರಿಕ ಖಂಡವನ್ನು ಸೇರಿದವನಾದುದರಿಂದ ನೆಲೆಯಿಲ್ಲದವರ ಪಾಡು ಆತನಿಗೆ ಗೊತ್ತಿತ್ತು. ಆತನು ಕೆನಡಿಯನ್ ಪೆಸಿಫಿಕ್ ರೈಲ್ವೆ ಕಂಪನಿಯೊಡನೆ ಮಾತುಕತೆ ನಡೆಸಿದನು. ಹಡಗು, ರೈಲು ಎರಡೂ ಆ ಕಂಪನಿಯವು. ಪ್ರಯಾಣದ ವೆಚ್ಚವನ್ನೆಲ್ಲ ಉದ್ದರಿಯಾಗಿ ಕೊಡಲು ಕಂಪನಿ ಒಪ್ಪಿತು. ಒತ್ತೆಯಿಡಲು ಹೊಲವಿಲ್ಲ, ಚಿನ್ನವಿಲ್ಲ. ಇದ್ದುದು ಕೆನಡಾದ ಮೆನೊನೈಟರ ಮಾತೊಂದೇ. 1922ರಲ್ಲಿ ಮೂರು ಸಾವಿರ ಜನರ ಪ್ರಯಾಣಕ್ಕಾಗಿ ಮೊದಲ ಒಪ್ಪಂದವಾಯಿತು. ಸಮಾಜದ ಎಲ್ಲರ ಒಪ್ಪಿಗೆಯಿಲ್ಲದೆ ಇಷ್ಟು ದೊಡ್ಡ ಸಾಲಕ್ಕೆ ಸಮಾಜದ ಹೆಸರು ಹಾಕಬಹುದೇ ಎಂದು ಆಕ್ಷೇಪಿಸಿದವರು ಅನೇಕರು. ಆಕ್ಷೇಪಣೆ ಅನ್ಯಾಯದ್ದೆಂದು ಹೇಳಲಾಗದು. ಆದರೆ ಎಲ್ಲರ ಒಪ್ಪಿಗೆ ಬರುವವರೆಗೆ ಕಾದಿದ್ದರೆ ಬರಬೇಕಾದವರು ಬದುಕಿರುತ್ತಿರಲಿಲ್ಲ. ಟೇವ್ಸ್ ಸಹಿ ಹಾಕಿದನು. ಇದು ಎರಡನೆಯ ಜಾಮೀನು.

1923ರ ಜುಲೈ 21ರಂದು ಮೊದಲನೆಯ ತಂಡ ರಾಸ್ಥರ್ನ್ ನಿಲ್ದಾಣದಲ್ಲಿ ಇಳಿಯಿತು. ಊರಿನ ಸುತ್ತಲಿನ ರೈತರು ಗಾಡಿ, ಮೋಟಾರುಗಳನ್ನು ಕಟ್ಟಿಕೊಂಡು ಬಂದು ಒಂದೊಂದು ಕುಟುಂಬವನ್ನು ಒಂದೊಂದು ಮನೆಗೆ ಕರೆದೊಯ್ದರು. ಕಣ್ಣುಬೇನೆಯೆಂಬ ಕಾರಣದಿಂದ ವೈದ್ಯರು ತಡೆದವರನ್ನು ಜರ್ಮನಿಯ ಲೆಖ್‌ಫೆಲ್ಡ್‌ನಲ್ಲಿಯೂ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿಯೂ ತಿಂಗಳುಗಟ್ಟಲೆ ಇರಿಸಿ ಚಿಕಿತ್ಸೆ ಮಾಡಿಸಲಾಯಿತು. ತಾಯಿ ಒಂದೆಡೆ, ಮಗು ಒಂದೆಡೆ ಎಂಬಂತಹ ಅಗಲಿಕೆಗಳು ಎಷ್ಟೋ ಆದವು. 1930ರ ಹೊತ್ತಿಗೆ ಬಂದು ಸೇರಿದವರು ಸುಮಾರು 20,000. ಅವರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಜನ ಉದ್ದರಿಯ ಮೇಲೆ ಬಂದವರು. ಸಾಲದ ಅಸಲೇ 17 ಲಕ್ಷ ಡಾಲರುಗಳಿಗೂ ಮಿಕ್ಕಿತು.

ಅಷ್ಟರಲ್ಲಿ ಜಗತ್ತನ್ನೆಲ್ಲ ಆರ್ಥಿಕ ಮುಗ್ಗಟ್ಟು ಆವರಿಸಿತು. ಗೋಧಿಯ ಬೆಲೆ ಇಳಿಯಿತು, ಮಳೆ ಹೋಯಿತು, ಹೊಲಗಳ ಮಣ್ಣು ಗಾಳಿಗೆ ಹಾರಿತು. ಸಾಲ ತಂದವರೇ ಕೂಲಿಗಾಗಿ ಅಲೆಯುತ್ತಿರುವಾಗ ಕಂತು ಕಟ್ಟುವುದೆಲ್ಲಿಂದ? ಟೇವ್ಸ್ ಊರೂರು ತಿರುಗಿದನು. ಸಾಲಗಾರರಿಂದ ಕೈಲಾದಷ್ಟು, ಸಾಲ ತೀರಿಸಿದವರಿಂದ ಇನ್ನಷ್ಟು, ಸಾಲವನ್ನೇ ಮಾಡದವರಿಂದ ಸಹಾಯಾರ್ಥವಾಗಿ ಮತ್ತಷ್ಟು, ಹೀಗೆ ಎರಡು ದಶಕಗಳ ಕಾಲ ವಸೂಲಿ ನಡೆಯಿತು. ನಿಂದೆ ಬಂದಿತು, ಆರೋಗ್ಯ ಕೆಟ್ಟಿತು. ರೈಲ್ವೆ ಕಂಪನಿಯೂ ಬಡ್ಡಿಯ ದೊಡ್ಡ ಭಾಗವನ್ನು ಮನ್ನಾ ಮಾಡಿ ಉದಾರತೆ ತೋರಿತು. ಕಟ್ಟಕಡೆಗೆ 1946ರಲ್ಲಿ ಖಾತೆ ಮುಗಿಯಿತು. ಮರುವರ್ಷ, 1947ರಲ್ಲಿ, ಟೇವ್ಸ್ ತೀರಿಕೊಂಡನು. ತಾನು ಸಹಿ ಹಾಕಿದ ಪತ್ರ ಋಣಮುಕ್ತವಾದುದನ್ನು ತಿಳಿದೇ ಆತನು ಕಣ್ಮುಚ್ಚಿದನು. ಧರ್ಮಬಂಧುಗಳೇ, ಸತ್ಯಾಣುವ್ರತವು ಅಂಗಡಿಯ ತಕ್ಕಡಿಗೆ ಮಾತ್ರ ಸಂಬಂಧಪಟ್ಟುದಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೇ?

ಕಥೆಯ ಕರಾಳ ಭಾಗವನ್ನೂ ಮರೆಮಾಚಬಾರದು. 1929ರ ಶರತ್ಕಾಲದಲ್ಲಿ ರಷ್ಯಾದ ಹಲವು ಭಾಗಗಳಿಂದ ಸಾವಿರಾರು ಮೆನೊನೈಟರೂ ಇತರ ಜರ್ಮನ್ ಭಾಷಿಕರೂ ಮಾಸ್ಕೋ ನಗರದ ಹೊರವಲಯದಲ್ಲಿ ಬಂದು ಸೇರಿ ಹೊರಹೋಗಲು ಅಪ್ಪಣೆ ಬೇಡಿದರು. ಸುಮಾರು 5,700 ಮಂದಿಗೆ ಮಾತ್ರ ಜರ್ಮನಿಗೆ ಹೋಗಲು ಅವಕಾಶ ದೊರೆಯಿತು. ಉಳಿದವರನ್ನು ರೈಲುಗಾಡಿಗಳಲ್ಲಿ ತುಂಬಿ ಹಿಂದಕ್ಕೆ ಕಳುಹಿಸಿದರು. ಈ ಸಲ ಕೆನಡಾದ ಬಾಗಿಲು ತೆರೆಯಲಿಲ್ಲ. ಟೇವ್ಸ್ ಎಷ್ಟು ಬೇಡಿದರೂ ಅಲ್ಪಸಂಖ್ಯೆಯವರಿಗೆ ಮಾತ್ರ ಪ್ರವೇಶ ಸಿಕ್ಕಿತು. ಬಹುಮಂದಿ ಪರಾಗ್ವೆ, ಬ್ರೆಜಿಲ್ ದೇಶಗಳ ಕಾಡುಗಳಿಗೆ ಹೋದರು. ಜಾಮೀನು ಕೊಡುವವರಿದ್ದರೂ ಸ್ವೀಕರಿಸುವವರಿಲ್ಲದಿದ್ದರೆ ಧರ್ಮಸಂಘದ ಶಕ್ತಿಯೂ ಕುಂಠಿತವಾಗುತ್ತದೆ. ಹತ್ತು ವರ್ಷಗಳ ಅನಂತರ, 1939ರಲ್ಲಿ, ಸೇಂಟ್ ಲೂಯಿ ಎಂಬ ಹಡಗು 900ಕ್ಕೂ ಮಿಕ್ಕ ಯೆಹೂದ್ಯರನ್ನು ಹೊತ್ತು ಬಂದಾಗ ಕ್ಯೂಬಾ, ಅಮೆರಿಕ, ಕೆನಡಾ ಮೂರೂ ದೇಶಗಳು ಆಶ್ರಯ ನಿರಾಕರಿಸಿದವು. ಯೂರೋಪಿಗೆ ಮರಳಿದ ಆ ಪ್ರಯಾಣಿಕರಲ್ಲಿ 254 ಮಂದಿ ನಾಟ್ಸಿಗಳ ಹತ್ಯಾಕಾಂಡದಲ್ಲಿ ಮಡಿದರು.

ಮೂರನೆಯ ಜಾಮೀನು ಇವೆಲ್ಲಕ್ಕಿಂತಲೂ ಮಿಗಿಲಾದುದು. 1975ರ ಏಪ್ರಿಲ್ 30ರಂದು ವಿಯೆಟ್ನಾಂ ಯುದ್ಧ ಮುಗಿಯಿತು. ಅನಂತರದ ವರ್ಷಗಳಲ್ಲಿ ಲಕ್ಷಾಂತರ ಜನ ಹರಕು ದೋಣಿಗಳಲ್ಲಿ ಸಮುದ್ರಕ್ಕೆ ಬಿದ್ದರು. 1978ರ ನವೆಂಬರಿನಲ್ಲಿ ಹೈ ಹಾಂಗ್ ಎಂಬ ಹಳೆಯ ಸರಕು ಹಡಗು ಸುಮಾರು 2,500 ಜನರೊಡನೆ ಮಲೇಷ್ಯಾದ ಕರೆಯ ಬಳಿ ನಿಂತಿತು, ಇಳಿಯಲು ಅಪ್ಪಣೆಯಿಲ್ಲ. ಆ ಚಿತ್ರಗಳು ಪತ್ರಿಕೆಗಳಲ್ಲಿಯೂ ದೂರದರ್ಶನದಲ್ಲಿಯೂ ಜಗತ್ತಿಗೆ ಕಾಣಿಸಿದವು. ಕೆನಡಾ ಆ ಹಡಗಿನಿಂದ ಸುಮಾರು 600 ಮಂದಿಯನ್ನು ಸ್ವೀಕರಿಸಿತು. ಆದರೆ ದೋಣಿಗಳು ಬರುತ್ತಲೇ ಇದ್ದವು.

1978ರಲ್ಲಿ ಜಾರಿಗೆ ಬಂದ ಕೆನಡಾದ ಹೊಸ ವಲಸೆ ಕಾನೂನಿನಲ್ಲಿ, ಐದು ಮಂದಿ ನಾಗರಿಕರಾಗಲಿ ಒಂದು ಸಂಸ್ಥೆಯಾಗಲಿ ನಿರಾಶ್ರಿತ ಕುಟುಂಬವೊಂದರ ಹೊಣೆ ಹೊರಬಹುದೆಂಬ ಕಲಮೊಂದಿತ್ತು. ಕಲಮು ಕಾಗದದ ಮೇಲಿತ್ತು, ಬಳಸಿದವರು ವಿರಳ. ಮೆನೊನೈಟ್ ಕೇಂದ್ರ ಸಮಿತಿಯವರು 1954ರಿಂದಲೇ ವಿಯೆಟ್ನಾಮಿನಲ್ಲಿ ಸೇವೆ ಸಲ್ಲಿಸಿದ್ದರು. ಆ ಜನರ ಸಂಕಟವನ್ನು ಕಣ್ಣಾರೆ ಬಲ್ಲವರು. ಆದುದರಿಂದ 1979ರ ಮಾರ್ಚ್ 5ರಂದು ಕೆನಡಾದ ಸಮಿತಿಯು ಸರಕಾರದೊಡನೆ ಒಂದು ಮೂಲ ಕರಾರಿಗೆ ಸಹಿ ಹಾಕಿತು. ಯಾವ ಊರಿನ ಸಭೆ ಮುಂದೆ ಬಂದರೂ ಅದರ ಯೋಗ್ಯತೆಗೆ ಕೇಂದ್ರ ಸಮಿತಿಯೇ ಸಾಕ್ಷಿ. ಆ ಊರಿನವರು ಕೈಬಿಟ್ಟರೆ ಹೊಣೆಯೂ ಸಮಿತಿಯದೇ. ಸರಕಾರವು ಒಂದೊಂದು ಹಳ್ಳಿಯ ಒಂದೊಂದು ಗುಂಪನ್ನು ಪರೀಕ್ಷಿಸುತ್ತ ಕೂರುವ ತಾಪತ್ರಯ ತಪ್ಪಿತು. ಇಂತಹ ಕರಾರು ಅದೇ ಮೊದಲು. ಅದನ್ನನುಸರಿಸಿ ಪ್ರೆಸ್ಬಿಟೇರಿಯನ್, ಕ್ಯಾಥೊಲಿಕ್, ಲೂಥರನ್ ಮೊದಲಾದ ಇತರ ಪಂಗಡಗಳೂ ಸಹಿ ಹಾಕಿದವು. ಟೊರೊಂಟೊ ನಗರದಲ್ಲಿ ಯೆಹೂದ್ಯರೂ ಕ್ರೈಸ್ತರೂ ಒಂದಾಗಿ ಕೆಲಸ ಮಾಡಿದರು. ಯೆಹೂದ್ಯರನ್ನು ಹಿಂದೆ ಕೆನಡಾ ಹೇಗೆ ಹೊರಗಿಟ್ಟಿತೆಂಬುದನ್ನು ವಿವರಿಸುವ ಸಂಶೋಧನ ಲೇಖನವೊಂದು ಅಚ್ಚಾಗುವ ಮೊದಲೇ ವಲಸೆ ಸಚಿವ ರಾನ್ ಆಟ್ಕಿಯವರ ಕೈಸೇರಿತ್ತು. ಅಂತಹ ಅಪಕೀರ್ತಿ ಮತ್ತೆ ಬರಬಾರದೆಂಬ ನಿಶ್ಚಯಕ್ಕೆ ಅದೂ ಒಂದು ಕಾರಣವಾಯಿತು.

ಹೊಣೆಯೆಂದರೆ ಏನು? ಒಂದು ವರ್ಷದ ಕಾಲ ಆ ಕುಟುಂಬಕ್ಕೆ ಮನೆ, ಊಟ, ಬಟ್ಟೆ, ಮನೆಯ ಸಾಮಾನು ಎಲ್ಲವನ್ನೂ ಒದಗಿಸಬೇಕು. ಮಕ್ಕಳನ್ನು ಶಾಲೆಗೆ ಸೇರಿಸಬೇಕು. ದೊಡ್ಡವರಿಗೆ ಭಾಷೆ ಕಲಿಸಬೇಕು, ಉದ್ಯೋಗ ಹುಡುಕಿಕೊಡಬೇಕು. ಹಿಮ ಕಾಣದವರಿಗೆ ಹಿಮದಲ್ಲಿ ನಡೆಯುವುದನ್ನು, ಬ್ಯಾಂಕಿನಲ್ಲಿ ಖಾತೆ ತೆರೆಯುವುದನ್ನು, ಬಸ್ಸು ಹತ್ತುವುದನ್ನು ತೋರಿಸಿಕೊಡಬೇಕು. ಒಬ್ಬ ಶ್ರೀಮಂತನ ಕೈಯಿಂದ ಆಗುವ ಕೆಲಸವಲ್ಲ ಇದು. ಒಬ್ಬರು ಬಾಡಿಗೆ ಕೊಡಬೇಕು. ಒಬ್ಬರು ಕೋಟು ಹೊಲಿಸಬೇಕು. ಒಬ್ಬ ಗೃಹಿಣಿ ಪ್ರತಿವಾರ ವೈದ್ಯರಲ್ಲಿಗೆ ಜೊತೆಯಲ್ಲಿ ಹೋಗಬೇಕು. ಹತ್ತಾರು ಕೈ ಸೇರಿದರೆ ಮಾತ್ರ ಒಂದು ಕುಟುಂಬ ನೆಲೆಗೊಳ್ಳುತ್ತದೆ. ವಾರಕ್ಕೊಮ್ಮೆ ತಪ್ಪದೆ ಒಂದೆಡೆ ಸೇರುವ, ಪರಸ್ಪರ ಹೆಸರು ಬಲ್ಲ, ವಂತಿಗೆ ಎತ್ತಿ ಲೆಕ್ಕ ಒಪ್ಪಿಸುವ ಅಭ್ಯಾಸವುಳ್ಳ ಗುಂಪು ಪ್ರತಿಯೊಂದು ಊರಿನಲ್ಲಿಯೂ ಧರ್ಮಸಭೆಯಲ್ಲದೆ ಬೇರೆ ಯಾವುದಿದೆ? ಧರ್ಮಸಂಘಗಳ ವಿಶೇಷ ಸಾಮರ್ಥ್ಯ ಇಲ್ಲಿದೆ.

1979 ಮತ್ತು 1980 ಈ ಎರಡು ವರ್ಷಗಳಲ್ಲಿ ಕೆನಡಾಕ್ಕೆ ಬಂದು ಸೇರಿದ ವಿಯೆಟ್ನಾಂ, ಕಾಂಬೋಡಿಯ, ಲಾವೋಸ್ ನಿರಾಶ್ರಿತರು ಸುಮಾರು 60,000. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಇಂತಹ ಖಾಸಗಿ ಗುಂಪುಗಳ ಹೊಣೆಯ ಮೇಲೆ ಬಂದವರು. 1986ರಲ್ಲಿ ವಿಶ್ವಸಂಸ್ಥೆಯ ನಾನ್ಸೆನ್ ಪದಕವು ಕೆನಡಾದ ಸಮಸ್ತ ಜನತೆಗೆ ಪ್ರದಾನವಾಯಿತು. ಒಂದು ದೇಶದ ಜನತೆಗೇ ಈ ಗೌರವ ಸಂದುದು ಅಪೂರ್ವ. 1979ರಿಂದ ಈಚೆಗೆ ಇದೇ ಕ್ರಮದಲ್ಲಿ ನೆಲೆ ಕಂಡವರು ಮೂರು ಲಕ್ಷಕ್ಕೂ ಮಿಕ್ಕಿದ್ದಾರೆ.

ಗುಣವನ್ನು ಹೇಳಿದಂತೆ ದೋಷವನ್ನೂ ಹೇಳುವುದು ನ್ಯಾಯ. ಬಂದವರಲ್ಲಿ ಬೌದ್ಧರು ಅನೇಕರು. ಆಶ್ರಯ ಕೊಟ್ಟವರು ಕ್ರೈಸ್ತರು. ಮತಾಂತರ ಮಾಡಬೇಕೆಂಬ ಕರಾರು ಎಲ್ಲಿಯೂ ಇರಲಿಲ್ಲ. ಆದರೆ ಉಪಕಾರ ಪಡೆದವನು ಭಾನುವಾರದ ಪ್ರಾರ್ಥನೆಗೆ ಬಾರದಿದ್ದರೆ ಉಪಕಾರಿ ಏನೆಂದುಕೊಳ್ಳುವನೋ ಎಂಬ ಸಂಕೋಚ ಬಾಧಿಸಿದುದುಂಟು. ಮಾರ್ಟನ್ ಬೈಸರ್ ಎಂಬ ಮನೋವೈದ್ಯರು ವ್ಯಾಂಕೂವರ್ ನಗರದಲ್ಲಿ ಈ ನಿರಾಶ್ರಿತರ ಬಾಳನ್ನು ಹತ್ತು ವರ್ಷಗಳ ಕಾಲ ಅಭ್ಯಸಿಸಿದರು. ಕಾಲ ಕಳೆದಂತೆ ಖಾಸಗಿ ಗುಂಪುಗಳ ಆಶ್ರಯದಲ್ಲಿ ಬಂದವರು ಹೊಸ ಸಮಾಜದಲ್ಲಿ ಹೆಚ್ಚು ಚೆನ್ನಾಗಿ ಬೆರೆತರೆಂದೂ, ಆಶ್ರಯದಾತರ ಮತ ಬೇರೆಯಾಗಿದ್ದೆಡೆ ಆರಂಭದಲ್ಲಿ ಮನಸ್ಸಿಗೆ ಹೆಚ್ಚಿನ ಭಾರವಾಯಿತೆಂದೂ ಅವರ ಅಧ್ಯಯನ ತೋರಿಸಿತು. ಕೊಟ್ಟ ಅನ್ನಕ್ಕೆ ಪ್ರತಿಯಾಗಿ ನಂಬಿಕೆಯನ್ನು ಬಯಸಿದರೆ ಅದು ದಾನವಾಗುವುದಿಲ್ಲ, ವಿನಿಮಯವಾಗುತ್ತದೆ. ಭಯದಿಂದ ಓಡಿಬಂದವನಿಗೆ ಇನ್ನೊಂದು ಬಗೆಯ ಭಯವನ್ನು ತಂದಿಟ್ಟಂತಾಗುತ್ತದೆ.

ಇನ್ನೊಂದು ದೋಷ ಸರಕಾರದ ಕಡೆಯದು. ಧರ್ಮಸಂಘಗಳ ಉತ್ಸಾಹವನ್ನು ಕಂಡು 1979ರ ಡಿಸೆಂಬರಿನಲ್ಲಿ ಕೆನಡಾ ಸರಕಾರ ತನ್ನ ಪಾಲನ್ನು ಕಡಿಮೆ ಮಾಡಲು ಹೊರಟಿತು. ‘ನಾವು ಹೊತ್ತದ್ದು ಸರಕಾರದ ಪಾಲಿನ ಮೇಲೆ ಹೆಚ್ಚಿನದಾಗಿ, ಸರಕಾರದ ಪಾಲಿನ ಬದಲಾಗಿ ಅಲ್ಲ’ ಎಂದು ಸಂಘಗಳು ಅಸಮಾಧಾನ ವ್ಯಕ್ತಪಡಿಸಿದವು. 1980ರಲ್ಲಿ ಹೊಸ ಸರಕಾರ ತನ್ನ ಪಾಲಿಗೆ ಇನ್ನೂ 10,000 ಮಂದಿಯನ್ನು ಸೇರಿಸಿತು. ಇತ್ತೀಚೆಗೆ, 2024ರ ನವೆಂಬರಿನಲ್ಲಿ, ಬಾಕಿ ಅರ್ಜಿಗಳು ಬೆಟ್ಟದಂತೆ ಬೆಳೆದುವೆಂಬ ಕಾರಣದಿಂದ ಐವರ ಗುಂಪುಗಳಿಂದಲೂ ಸ್ಥಳೀಯ ಸಂಸ್ಥೆಗಳಿಂದಲೂ ಹೊಸ ಅರ್ಜಿಗಳ ಸ್ವೀಕಾರವನ್ನೇ ಅಲ್ಲಿಯ ಸರಕಾರ ತಡೆಹಿಡಿಯಿತು. ಬಾಗಿಲು ಒಮ್ಮೆ ತೆರೆದ ಮಾತ್ರಕ್ಕೆ ಸದಾ ತೆರೆದಿರುವುದೆಂಬ ಭರವಸೆಯಿಲ್ಲ. ಅದನ್ನು ತೆರೆದಿಡಲು ಪ್ರತಿಯೊಂದು ತಲೆಮಾರೂ ಹೆಣಗಬೇಕು.

ಇದೆಲ್ಲ ದೂರದೇಶದ ಸಂಗತಿಯೆಂದು ಭಾವಿಸಬೇಕಾಗಿಲ್ಲ. ಕನ್ನಡ ನಾಡಿಗೂ ನಿರಾಶ್ರಿತರ ಪರಿಚಯವುಂಟು. 1959ರಲ್ಲಿ ದಲೈ ಲಾಮಾರವರು ಭಾರತಕ್ಕೆ ಬಂದ ಅನಂತರ, ಆಗಿನ ಮೈಸೂರು ರಾಜ್ಯವು 1960ರ ದಶಕದ ಆರಂಭದಲ್ಲಿಯೇ ಬೈಲಕುಪ್ಪೆಯ ಬಳಿ ಟಿಬೆಟನ್ನರಿಗೆ ಭೂಮಿಯನ್ನು ಕೊಟ್ಟಿತು. ಮುಂದೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲ ಪ್ರದೇಶಗಳಲ್ಲಿಯೂ ನೆಲೆಗಳಾದವು. ಅಲ್ಲಿ ಮೊದಲು ಭೂಮಿ ಕೊಟ್ಟುದು ಸರಕಾರ. ಆದರೆ ಕಾಡು ಕಡಿದು ಜೋಳ ಬೆಳೆದ ಆ ಜನ ಸೆರಾ, ದ್ರೆಪುಂಗ್, ಗಾಂಡೆನ್ ಎಂಬ ತಮ್ಮ ಮಹಾವಿಹಾರಗಳನ್ನು ಈ ನೆಲದಲ್ಲಿ ಪುನಃ ಕಟ್ಟಿಕೊಂಡುದರಿಂದಲೇ ಅವರ ಸಮಾಜ ಚದರದೆ ಉಳಿಯಿತು. ಆಶ್ರಯ ಕೊಡುವವರಿಗೆ ಧರ್ಮಸಂಘ ಹೇಗೆ ಬಲವೋ, ಆಶ್ರಯ ಪಡೆಯುವವರಿಗೂ ಅವರ ಧರ್ಮಸಂಘ ಹಾಗೆಯೇ ಬಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ದೇಗುಲವಿಲ್ಲದವನಿಗೆ ದೊರೆತ ಮನೆ ಬರಿಯ ಛಾವಣಿಯಾಗಿ ಉಳಿಯುತ್ತದೆ.

ಮೂರು ಜಾಮೀನುಗಳ ಕ್ರಮವನ್ನು ಈಗ ಒಮ್ಮೆ ಹಿಂದಿರುಗಿ ನೋಡಬೇಕು. 1875ರಲ್ಲಿ ಒಂಟಾರಿಯೊದವರು ಹೊಣೆಯಾದುದು ತಮ್ಮದೇ ಮತದ ಬೇರೊಂದು ಶಾಖೆಯವರಿಗೆ. 1922ರಲ್ಲಿ ಟೇವ್ಸ್ ಹೊಣೆಯಾದುದು ರಷ್ಯಾದಲ್ಲಿ ಸಿಲುಕಿದ್ದ ಬಂಧುಬಾಂಧವರಿಗೆ. 1979ರಲ್ಲಿ, ಹಾಗೆ ಬಂದವರ ಮಕ್ಕಳೂ ಮೊಮ್ಮಕ್ಕಳೂ ಹೊಣೆಯಾದುದು ಮತವೂ ಭಾಷೆಯೂ ಬಣ್ಣವೂ ಬೇರೆಯಾದ ಅಪರಿಚಿತರಿಗೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸಾಧರ್ಮಿಗಳ ಮೇಲಣ ವಾತ್ಸಲ್ಯವೂ ಒಂದೆಂಬುದನ್ನು ಶ್ರಾವಕರೆಲ್ಲರೂ ಬಲ್ಲರು. ಹಸು ಕರುವಿನ ಮೇಲಿಡುವ ಪ್ರೀತಿಯನ್ನು ಅದಕ್ಕೆ ಹೋಲಿಸುತ್ತಾರೆ. ವಾತ್ಸಲ್ಯವು ಮನೆಯ ಅಂಗಳದಲ್ಲಿ ಹುಟ್ಟುತ್ತದೆ. ಹಾಗೆ ಹುಟ್ಟುವುದರಲ್ಲಿ ದೋಷವೇನೂ ಇಲ್ಲ. ಆದರೆ ಅಭಯಕ್ಕೆ ಅಂಗಳದ ಎಲ್ಲೆಯಿಲ್ಲ. ಭಯಪಟ್ಟ ಜೀವದ ಜಾತಿಯನ್ನು ಕೇಳಿ ಕೊಡುವುದು ಅಭಯವೇ ಅಲ್ಲ. ವಾತ್ಸಲ್ಯವನ್ನು ಅಭ್ಯಾಸ ಮಾಡಿದ ಸಂಘವೇ ಮುಂದೆ ಅಭಯವನ್ನು ಕೊಡಲು ಸಮರ್ಥವಾಗುತ್ತದೆಂಬುದನ್ನು ಆ ನೂರು ವರ್ಷಗಳು ತೋರಿಸುತ್ತವೆ.

ತಾವು ಪಡೆದ ಆಶ್ರಯದ ಹಣವನ್ನು ಆ ಜನ 1946ರಲ್ಲಿಯೇ ತೀರಿಸಿಬಿಟ್ಟರು. ಕಿರ್ದಿಯಲ್ಲಿ ಬಾಕಿಯೇನೂ ಉಳಿಯಲಿಲ್ಲ. ಆದರೂ 33 ವರ್ಷಗಳ ಅನಂತರ, ಬೇಡಿದವರಿಲ್ಲದಿದ್ದರೂ, ಇನ್ನೊಬ್ಬರಿಗಾಗಿ ಸಹಿ ಹಾಕಲು ಮೊದಲು ಬಂದವರು ಅವರೇ. ಆಶ್ರಯದ ಋಣದಲ್ಲಿ ಅಸಲು ಕೊಟ್ಟವರಿಗೆ ಸಲ್ಲುತ್ತದೆ. ಬಡ್ಡಿ ಮುಂದೆ ಬರುವವರಿಗೆ ಸಲ್ಲುತ್ತದೆ ಎಂಬುದು ಅವರ ಲೆಕ್ಕವಾಗಿತ್ತೆಂದು ತೋರುತ್ತದೆ.

ಧರ್ಮಬಂಧುಗಳೇ, ಪ್ರತಿಷ್ಠೆಯ ಉತ್ಸವ ಕೆಲವು ದಿನಗಳದು, ಬಸದಿ ಶತಮಾನಗಳದು. ಚಪ್ಪರ ಬಿಚ್ಚಿದ ಮೇಲೆಯೂ ಪಂಚಾಯಿತಿ ಇರುತ್ತದೆ, ಲೆಕ್ಕದ ಪುಸ್ತಕವಿರುತ್ತದೆ, ಅಡುಗೆಶಾಲೆಯಿರುತ್ತದೆ, ಯಾತ್ರಿಕರ ಕೋಣೆಗಳಿರುತ್ತವೆ. ದೂರದ ಯುದ್ಧದಿಂದ ಬಂದವರಾಗಲಿ, ಹತ್ತಿರದ ಗಲಭೆ, ನೆರೆಗಳಿಂದ ಮನೆ ಕಳೆದುಕೊಂಡವರಾಗಲಿ, ಭಯಗೊಂಡ ಕುಟುಂಬವೊಂದು ಊರಿಗೆ ಬಂದ ದಿನ ಕಾನೂನಿಗನುಸಾರವಾಗಿ ಅಧಿಕಾರಿಗಳ ಮುಂದೆ ಹೋಗಿ ‘ಒಂದು ವರ್ಷದ ಮಟ್ಟಿಗೆ ಇವರ ಹೊಣೆ ಈ ಬಸದಿಯ ಸಮಾಜದ್ದು’ ಎಂದು ಹೇಳುವ ಹತ್ತು ಮನೆಗಳು ಸಿದ್ಧವಾಗಿವೆಯೇ ಎಂಬುದನ್ನು ಪಂಚಾಯಿತಿಯು ಮುಂಚಿತವಾಗಿಯೇ ವಿಚಾರಿಸಿಟ್ಟುಕೊಳ್ಳುವುದು ಲೇಸು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದರಿಂದ ಪ್ರಯೋಜನವಿಲ್ಲ. ಹೊಣೆಯ ಪಾಲು ಯಾರದೆಷ್ಟು, ಮುದ್ದತು ಎಷ್ಟು, ಲೆಕ್ಕ ಬರೆಯುವವರು ಯಾರು ಎಂಬುದು ಮೊದಲೇ ನಿಶ್ಚಯವಾಗಿದ್ದರೆ ಕರುಣೆಯು ಕಣ್ಣೀರಾಗಿ ಹರಿದುಹೋಗದೆ ಕಾರ್ಯವಾಗಿ ನಿಲ್ಲುತ್ತದೆ.

ಗರ್ಭಗೃಹದಲ್ಲಿ ನೆಲೆಗೊಳ್ಳುತ್ತಿರುವ ಜಿನಬಿಂಬದ ಕೈಯಲ್ಲಿ ಆಯುಧವಿಲ್ಲ. ಸಮವಸರಣದಲ್ಲಿ ಹುಲಿಯೂ ಹುಲ್ಲೆಯೂ ಭಯವನ್ನು ಮರೆತು ಜೊತೆಯಲ್ಲಿ ಕುಳಿತವೆಂದು ಪುರಾಣಗಳು ಬಣ್ಣಿಸುತ್ತವೆ. ಆ ಸಭೆಗೆ ಬಾಗಿಲು ಕಾಯುವವರು ಯಾರನ್ನೂ ಹಿಂದಕ್ಕೆ ಕಳುಹಿಸಲಿಲ್ಲ. ಈ ಬಸದಿಯ ಬಾಗಿಲಿಗೂ ಅದೇ ಕೀರ್ತಿ ಬರಲಿ. ಸಕಲ ಜೀವಿಗಳಿಗೂ ಅಭಯವುಂಟಾಗಲಿ.

ಜಯ ಜಿನೇಂದ್ರ.